ಡಬಲ್ ಕ್ಲಿಕ್ ಮೀಮಾಂಸೆ: ಬ್ರಹ್ಮಪುರ ಸಂಪ್ರದಾಯದ ಗಣಕಾಭ್ಯಾಸಕ್ಕೆ ಒಂದು ವ್ಯಾಖ್ಯಾನ

ಗಣಕಾಭ್ಯಾಸವೆಂದರೆ, ಹಿಂದೆಂದೂ ಕಂಪ್ಯೂಟರ್ ಮುಟ್ಟದ ವ್ಯಕ್ತಿಯು ಶುಲ್ಕವನ್ನು ಮುಂಗಡವಾಗಿ ಕಟ್ಟಿ, ಮೌಸ್, ಕೀಲಿಮಣೆ, ಪರದೆ ಎಂಬ ಮೂರು ಉಪಕರಣಗಳ ಎದುರು ಪ್ಲಾಸ್ಟಿಕ್ ಕುರ್ಚಿಯಲ್ಲಿ ಕುಳಿತು, ವರ್ಡ್, ಎಕ್ಸೆಲ್, ನುಡಿ ಮೊದಲಾದ ತಂತ್ರಾಂಶಗಳಲ್ಲಿ ಕಚೇರಿಯ ಕೆಲಸ ಮಾಡುವಷ್ಟು ಪರಿಣತಿಯನ್ನು, ಅದು ಒದಗದಿದ್ದಲ್ಲಿ ಅಂಥ ಪರಿಣತಿ ಇದೆಯೆಂದು ಹೇಳುವ ಪ್ರಮಾಣಪತ್ರವನ್ನು, ಸಂಪಾದಿಸಿಕೊಳ್ಳುವ ಕ್ರಿಯೆ. ಈ ಕ್ರಿಯೆಗೆ ಗುರು, ಶಿಷ್ಯ, ವಿದ್ಯುತ್ ಎಂಬ ಮೂರು ಕಾರಣಗಳಿದ್ದು, ಮೊದಲೆರಡು ಇದ್ದೂ ಮೂರನೆಯದು ಇಲ್ಲದಾಗ ನಡೆಯುವ ಬೋಧನೆಗೆ ‘ಥಿಯರಿ’ ಎಂದೂ, ಮೂರೂ ಕೂಡಿದಾಗ ನಡೆಯುವ ಬೋಧನೆಗೆ ‘ಪ್ರ್ಯಾಕ್ಟಿಕಲ್’ ಎಂದೂ ಹೆಸರು.

ಇಂಥ ಅಭ್ಯಾಸಕ್ಕೆ ಕಲಬುರಗಿ ನಗರದ ಬ್ರಹ್ಮಪುರವನ್ನೇ, ಅಂದರೆ ಶರಣಬಸವೇಶ್ವರ ದೇವಸ್ಥಾನದ ಆಸುಪಾಸಿನ ಹಳೆಯ ಬಡಾವಣೆಯನ್ನೇ, ಪೀಠವಾಗಿ ಆರಿಸಿಕೊಂಡಿರುವುದಕ್ಕೆ ಶಾಸ್ತ್ರೀಯ ಕಾರಣವುಂಟು. ವ್ಯಾಖ್ಯಾನ ಬರೆಯುವುದು ಈ ಸೀಮೆಯ ಹಳೆಯ ಕಸುಬು. ಇದೇ ಜಿಲ್ಲೆಯ ಮರತೂರಿನೊಡನೆ ಹೆಸರು ಕೂಡಿಕೊಂಡಿರುವ ವಿಜ್ಞಾನೇಶ್ವರನು ಚಾಲುಕ್ಯ ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ ಯಾಜ್ಞವಲ್ಕ್ಯ ಸ್ಮೃತಿಗೆ ಮಿತಾಕ್ಷರವೆಂಬ ವ್ಯಾಖ್ಯಾನವನ್ನು ರಚಿಸಿ, ತಂದೆಯ ಹೊಲದಲ್ಲಿ ಮಗನಿಗೆ ಹುಟ್ಟಿನಿಂದಲೇ ಪಾಲುಂಟೆಂದು ನಿರ್ಣಯಿಸಿದನು. ಆದರೆ ಆ ಪಾಲಿನ ಸರ್ವೆ ನಂಬರನ್ನು ಎಕ್ಸೆಲ್‌ನ ಯಾವ ಕೋಶದಲ್ಲಿ ಹೇಗೆ ಬರೆಯಬೇಕೆಂಬುದನ್ನು ಹೇಳಲಿಲ್ಲ. ಆ ಲೋಪದ ಪರಿಣಾಮವನ್ನು ಈ ಪ್ರಬಂಧದ ಉತ್ತರಭಾಗವು ತಕ್ಕ ಸಂಕಟದೊಡನೆ ಪರಿಶೀಲಿಸುತ್ತದೆ.

ಶಾಸ್ತ್ರಾರಂಭದಲ್ಲಿ ಅಧಿಕಾರಿಯನ್ನು, ಎಂದರೆ ಕಲಿಕೆಗೆ ಅರ್ಹನಾದವನನ್ನು, ನಿರ್ಣಯಿಸತಕ್ಕದ್ದು. ಕರ್ನಾಟಕ ಸಿವಿಲ್ ಸೇವಾ (ಕಂಪ್ಯೂಟರ್ ಸಾಕ್ಷರತಾ ಪರೀಕ್ಷೆ) ನಿಯಮಗಳು 2012ರಲ್ಲಿ ಬಂದು, ಸರ್ಕಾರಿ ನೌಕರನ ಮುಂಬಡ್ತಿ ಮತ್ತು ವಾರ್ಷಿಕ ವೇತನ ಬಡ್ತಿಗಳನ್ನು ಈ ವಿದ್ಯೆಯೊಡನೆ ಗಂಟುಹಾಕಿದ ಮೇಲೆ, ಕಂಪ್ಯೂಟರ್ ಸೆಂಟರಿನ ಮೆಟ್ಟಿಲನ್ನು ಸಂಜೆಯ ಹೊತ್ತು ಮಂಡಿ ಹಿಡಿದುಕೊಂಡು ಏರುವ ಪ್ರಥಮ ದರ್ಜೆ ಸಹಾಯಕನೇ ಉತ್ತಮಾಧಿಕಾರಿಯೆಂದು ಗಣಿಸಲ್ಪಟ್ಟನು. ಅವನ ಜ್ಞಾನದಾಹವು ಪರೀಕ್ಷೆಯ ಗಡುವು ಸಮೀಪಿಸಿದಂತೆ ಉಲ್ಬಣಿಸಿ, ಗಡುವನ್ನು ವಿಸ್ತರಿಸುವ ಸುತ್ತೋಲೆ ಬಂದೊಡನೆ ತಾನಾಗಿ ಶಮನವಾಗುವ ಸ್ವಭಾವದ್ದಾಗಿದೆ. ಇಂಥ ವಿಸ್ತರಣೆ ಒಂದಕ್ಕಿಂತ ಹೆಚ್ಚು ಬಾರಿ ಆಗಿರುವುದರಿಂದ ಈ ವ್ಯಾಧಿಯ ಲಕ್ಷಣಗಳನ್ನು ಪುನಃಪುನಃ ಅವಲೋಕಿಸಲು ಶಾಸ್ತ್ರಕಾರರಿಗೆ ಅವಕಾಶ ದೊರೆತಿದೆ. ಅವನ ಮೇಲಿನ ಸಾಹೇಬರು ಮಾತ್ರ ಈ ಶಾಸ್ತ್ರಕ್ಕೆ ಅಧಿಕಾರಿಗಳಲ್ಲ, ಏಕೆಂದರೆ ಅವರಿಗೆ ಆಪರೇಟರ್ ಇದ್ದಾನೆ. ದಾಲ್ ಮಿಲ್ಲಿನಲ್ಲಿ ಲೆಕ್ಕ ಬರೆಯುವ ಕೆಲಸ ಹಿಡಿಯಬೇಕೆಂದು ಬರುವ ಯುವತಿ, ಕೆಂಪು ಬಾಳೆಹಣ್ಣಿಗೆ ಹೆಸರಾದ ಕಮಲಾಪುರದಿಂದ ಬಸ್ಸಿನಲ್ಲಿ ಬರುವ ಪಿಯುಸಿ ಮುಗಿಸಿದ ಹುಡುಗ, ಮನೆಯಲ್ಲಿ ಗದ್ದಲ ಮಾಡದಿರಲೆಂದು ಬೇಸಿಗೆಯ ಎರಡು ತಿಂಗಳು ಇಲ್ಲಿಗೆ ಕಳುಹಿಸಲ್ಪಟ್ಟ ಬಾಲಕ, ಇವರು ಮಧ್ಯಮಾಧಿಕಾರಿಗಳು. ಇವರಲ್ಲಿ ಬೇಗ ಕಲಿಯುವವನು ಕೊನೆಯವನೇ, ಯಾಕೆಂದರೆ ಅವನಿಗೆ ಕಳೆದುಕೊಳ್ಳಲು ಏನೂ ಇಲ್ಲ. ಇಲ್ಲಿಂದ ದೂರವಿಲ್ಲದ ಮಾನ್ಯಖೇಟದ ರಾಷ್ಟ್ರಕೂಟ ಆಸ್ಥಾನದಲ್ಲಿ ಹುಟ್ಟಿದ ಕವಿರಾಜಮಾರ್ಗವು ಕನ್ನಡ ನಾಡಿನ ಜನರು ಓದದೆಯೂ ಕಾವ್ಯದಲ್ಲಿ ನುರಿತವರೆಂದು ಮೆಚ್ಚಿಕೊಂಡಿರುವುದು ಪ್ರಸಿದ್ಧವಾದರೂ, ಆ ಪ್ರಶಂಸೆಯನ್ನು ಮೇಲ್ ಮರ್ಜ್‌ಗೆ ವಿಸ್ತರಿಸಲು ಆಧಾರ ಸಾಲದು.

ಇನ್ನು ಆಚಾರಕಾಂಡ. ಸೆಂಟರಿನೊಳಗೆ ಪ್ರವೇಶಿಸುವವನು ಚಪ್ಪಲಿಯನ್ನು ಹೊರಗೆ ಬಿಡತಕ್ಕದ್ದು. ಪರದೆಯ ಮೇಲಿನ ಬಟ್ಟೆಯ ಮುಸುಕನ್ನು ತೆಗೆದು, ಮಡಚಿ, ಸಿಪಿಯು ಮೇಲಿಡತಕ್ಕದ್ದು. ಮಹಾನವಮಿಯ ಖಂಡೆಪೂಜೆಯಂದು ಮಾನಿಟರಿಗೆ ವಿಭೂತಿ ಕುಂಕುಮಗಳಾದ ಮೇಲೆ ಅಂದು ಯಾರೂ ಅದನ್ನು ಆನ್ ಮಾಡತಕ್ಕದ್ದಲ್ಲ. ಯಂತ್ರಕ್ಕೆ ಧೂಳು ಆಗದೆಂಬ ಹೇತುವನ್ನು ಚಪ್ಪಲಿಯ ವಿಷಯದಲ್ಲಿ ಮುಂದಿಡಲಾಗುತ್ತದೆ. ಆದರೆ ಕಲಬುರಗಿಯ ಬೇಸಿಗೆಯಲ್ಲಿ ತೆರೆದ ಕಿಟಕಿಯ ಮೂಲಕ ಬರುವ ಧೂಳು ಚಪ್ಪಲಿ ಹಾಕಿಕೊಂಡು ಬರುವುದಿಲ್ಲವಾದ್ದರಿಂದ ಆ ಹೇತುವು ದುರ್ಬಲ.

ಕರ್ಮವನ್ನು ಮೀಮಾಂಸಕರು ನಿತ್ಯ, ನೈಮಿತ್ತಿಕ, ಕಾಮ್ಯ ಎಂದು ಮೂರಾಗಿ ವಿಭಜಿಸುತ್ತಾರೆ. ಮಾಡಿದರೆ ವಿಶೇಷ ಫಲವಿಲ್ಲದೆ, ಮಾಡದಿದ್ದರೆ ದೋಷ ತಟ್ಟುವಂಥದ್ದು ನಿತ್ಯ. ನಿಮಿತ್ತವೊಂದು ಒದಗಿದಾಗ ಮಾಡುವಂಥದ್ದು ನೈಮಿತ್ತಿಕ. ಬಯಕೆಯಿಂದ ಮಾಡುವಂಥದ್ದು ಕಾಮ್ಯ. ಈ ವಿಭಾಗಕ್ಕೆ ಗಣಕಾಭ್ಯಾಸದಲ್ಲಿ ದೊರೆಯುವಷ್ಟು ನಿರ್ದುಷ್ಟ ಉದಾಹರಣೆ ಯಜ್ಞಶಾಲೆಯಲ್ಲಿಯೂ ದೊರೆಯಲಾರದು. ಡೆಸ್ಕ್‌ಟಾಪಿನ ಖಾಲಿ ಜಾಗದಲ್ಲಿ ಮೌಸಿನ ಬಲಗುಂಡಿಯನ್ನು ಒತ್ತಿ ‘ರಿಫ್ರೆಶ್’ ಎಂಬುದನ್ನು ಆರಿಸುವುದು ನಿತ್ಯಕರ್ಮ. ಇದರಿಂದ ಪರದೆಯ ಮೇಲಿನ ಚಿಹ್ನೆಗಳು ಒಮ್ಮೆ ಮಿಣುಕಿ ಮರಳಿ ಮೂಡುತ್ತವೆಯೇ ಹೊರತು ಕಂಪ್ಯೂಟರಿನ ವೇಗ ಕೂದಲೆಳೆಯಷ್ಟೂ ಹೆಚ್ಚುವುದಿಲ್ಲ. ಆದರೂ ಬ್ರಹ್ಮಪುರ ಸಂಪ್ರದಾಯದಲ್ಲಿ ಇದನ್ನು ಕನಿಷ್ಠ ಮೂರು ಸಲ ಮಾಡದೆ ಯಾವ ಕಾರ್ಯವನ್ನೂ ಆರಂಭಿಸುವುದಿಲ್ಲ, ಮಾಡದವನು ಸಿಸ್ಟಮ್ ಹ್ಯಾಂಗ್ ಆದಾಗ ಎಲ್ಲರ ದೃಷ್ಟಿಗೆ ಗುರಿಯಾಗುತ್ತಾನೆ. ಕರೆಂಟು ಒಮ್ಮೆ ಕಣ್ಣು ಮಿಟುಕಿಸಿದಾಗ ಕಂಟ್ರೋಲ್ ಮತ್ತು ಎಸ್ ಕೀಲಿಗಳನ್ನು ಒಟ್ಟಿಗೆ ಒತ್ತಿ ಕಡತವನ್ನು ಉಳಿಸುವುದು ನೈಮಿತ್ತಿಕ. ಗುರುವು ಚಹಾಕ್ಕೆ ಕೆಳಗಿಳಿದಾಗ ಸಾಲಿಟೇರ್ ಇಸ್ಪೀಟು ತೆರೆಯುವುದು ಕಾಮ್ಯ. ಕೊನೆಯದನ್ನು ಶಿಕ್ಷಾರ್ಹವೆಂದು ಕೆಲವರು ಭಾವಿಸುತ್ತಾರಾದರೂ, 1990ರ ವಿಂಡೋಸ್ 3.0 ಜೊತೆಯಲ್ಲಿ ಬಂದ ಈ ಆಟವು ಜನರ ಕೈಗೆ ಎಳೆದು ಬಿಡುವ ಕ್ರಿಯೆಯನ್ನು ರೂಢಿ ಮಾಡಿಸಲು ನೆರವಾಯಿತೆಂಬುದನ್ನು ನೆನೆದರೆ, ಇಡೀ ಪಠ್ಯಕ್ರಮದಲ್ಲಿ ಕಲಿಸುವ ಉದ್ದೇಶಕ್ಕೆ ನಿಜವಾಗಿ ಒದಗಿದ ಏಕೈಕ ಪಾಠವನ್ನು ಕದ್ದು ಕಲಿಯಬೇಕಾಗಿ ಬಂದಿರುವ ವೈಚಿತ್ರ್ಯವು ಕಾಣುತ್ತದೆ.

ಪ್ರಕೃತ ಪ್ರಬಂಧದ ಹೃದಯಭಾಗವಾದ ಡಬಲ್ ಕ್ಲಿಕ್ ಎಂದರೆ, ಮೌಸಿನ ಎಡಗುಂಡಿಯನ್ನು ನಡುವೆ ಕೈ ಅಲುಗದಂತೆ ಎರಡು ಬಾರಿ ಒತ್ತುವುದು. ಯಾರೂ ಬದಲಿಸದಿದ್ದಲ್ಲಿ ವಿಂಡೋಸ್ ಈ ಎರಡು ಒತ್ತುಗಳ ನಡುವೆ 500 ಮಿಲಿಸೆಕೆಂಡುಗಳ, ಎಂದರೆ ಅರ್ಧ ಸೆಕೆಂಡಿನ, ಅವಕಾಶವನ್ನು ಕೊಡುತ್ತದೆ. ಮೂವತ್ತು ವರ್ಷ ಕಚೇರಿಯಲ್ಲಿ ಪ್ರತಿಯೊಂದು ಹಾಳೆಯನ್ನೂ ಎರಡೆರಡು ಬಾರಿ ಓದಿ ರುಜು ಹಾಕಿದ ನೌಕರನು ಒಂದು ಒತ್ತು ಒತ್ತಿ, ಅದು ಸರಿಯಾಗಿ ಒತ್ತಲ್ಪಟ್ಟಿತೇ ಎಂದು ಪರಿಶೀಲಿಸಿ, ಅನಂತರವೇ ಎರಡನೆಯದನ್ನು ಒತ್ತುತ್ತಾನೆ. ಆಗ ಕಡತವು ತೆರೆಯದೆ, ಅದರ ಹೆಸರು ನೀಲಿಬಣ್ಣಕ್ಕೆ ತಿರುಗಿ ಮರುನಾಮಕರಣಕ್ಕೆ ಸಿದ್ಧವಾಗುತ್ತದೆ. ಗಾಬರಿಯಲ್ಲಿ ತಗುಲಿದ ಯಾವುದೋ ಕೀಲಿಯಿಂದ ಸಂಬಳದ ಪಟ್ಟಿಗೆ ‘ಜಜಜಜ’ ಎಂದು ಹೆಸರಾಗುತ್ತದೆ. “ಕಾಕಾ, ಜಲ್ದಿ ಜಲ್ದಿ ಒತ್ತ್ರಿ, ಟಕ್ ಟಕ್!” ಎಂದು ಮಗನ ವಯಸ್ಸಿನ ಗುರುವು ಬೋಧಿಸಿದರೆ, “ಒತ್ತಲಾಕ ಹತ್ತೀನಲ್ಲೋ ತಮ್ಮಾ, ಅದೇ ತೆರೀವಲ್ದು” ಎಂದು ಶಿಷ್ಯನು ಉತ್ತರಿಸುತ್ತಾನೆ. ಇಲ್ಲಿ ವಿದ್ವಾಂಸರ ಗಮನಕ್ಕೆ ಅರ್ಹವಾದ ಅಂಶವೊಂದಿದೆ. ಆ ಅರ್ಧ ಸೆಕೆಂಡನ್ನು ಹಿಗ್ಗಿಸುವ ಅನುಕೂಲವು ಕಂಟ್ರೋಲ್ ಪ್ಯಾನೆಲ್‌ನ ಮೌಸ್ ವಿಭಾಗದಲ್ಲಿ ಮೊದಲಿನಿಂದಲೂ ಇದ್ದು, ಅಲ್ಲಿ ಒಂದು ಗುಬಟವನ್ನು ಪಕ್ಕಕ್ಕೆ ಸರಿಸಿದರೆ ಸಮಸ್ಯೆ ಮುಗಿಯುತ್ತದೆ. ಬ್ರಹ್ಮಪುರ ಸಂಪ್ರದಾಯವಾದರೋ ಯಂತ್ರವನ್ನು ತಿದ್ದುವುದನ್ನು ಅಪಚಾರವೆಂದು ಬಗೆದು, ವಾರಗಟ್ಟಲೆ ಶ್ರಮಿಸಿ ಕಾಕಾರ ಬೆರಳನ್ನೇ ತಿದ್ದುತ್ತದೆ. 1968ರ ಡಿಸೆಂಬರ್ 9ರಂದು ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಡಗ್ಲಾಸ್ ಎಂಗೆಲ್‌ಬಾರ್ಟ್ ಮೊದಲ ಬಾರಿಗೆ ಸಾರ್ವಜನಿಕವಾಗಿ ಮೌಸನ್ನು ತೋರಿಸಿದಾಗ ಮನುಷ್ಯನ ಬುದ್ಧಿಗೆ ಬಲ ಕೊಡುವ ಮಾತಾಡಿದ್ದನು. ಮನುಷ್ಯನ ತೋರುಬೆರಳಿಗೆ ಗರಡಿಮನೆ ತೆರೆಯುವ ಮಾತು ಅಲ್ಲಿ ಬಂದಿರಲಿಲ್ಲ.

ಡೆಸ್ಕ್‌ಟಾಪಿನ ಕಲ್ಪನೆಯ ಬಗೆಗೆ ಹೆಚ್ಚು ಹೇಳುವ ಅಗತ್ಯವಿಲ್ಲ. 1981ರ ಜೆರಾಕ್ಸ್ ಸ್ಟಾರ್ ಯಂತ್ರದೊಡನೆ ಮಾರುಕಟ್ಟೆಗೆ ಬಂದ ಈ ವಿನ್ಯಾಸವು ಅಮೆರಿಕದ ಗುಮಾಸ್ತನ ಮೇಜನ್ನು ಅನುಕರಿಸಿದೆ. ಕೆಂಪು ಬಟ್ಟೆಯಲ್ಲಿ ಗಂಟು ಕಟ್ಟಿ ಕಪಾಟಿನ ತಲೆಯ ಮೇಲೆ ಪೇರಿಸುವ ತಾಲೂಕು ಕಚೇರಿಯ ಪದ್ಧತಿಯನ್ನು ಅನುಕರಿಸಿದ್ದರೆ ಇಲ್ಲಿನ ನೌಕರನಿಗೆ ಬೋಧನೆಯೇ ಬೇಕಾಗುತ್ತಿರಲಿಲ್ಲ. ಕಡತ ಉಳಿಸುವ ಗುಂಡಿಯ ಮೇಲೆ ಇಂದಿಗೂ ಕುಳಿತಿರುವುದು 1.44 ಎಂಬಿ ಹಿಡಿಯುತ್ತಿದ್ದ ಫ್ಲಾಪಿಯ ಚಿತ್ರ, ಇಂದಿನ ಶಿಷ್ಯರಲ್ಲಿ ಹಲವರು ಆ ವಸ್ತು ಅಳಿದ ಮೇಲೆ ಹುಟ್ಟಿದವರು.

ನುಡಿಪ್ರಕರಣಕ್ಕೆ ಬಂದರೆ, ಕನ್ನಡ ಗಣಕ ಪರಿಷತ್ತು ರೂಪಿಸಿದ ಈ ತಂತ್ರಾಂಶವು ಕೆ.ಪಿ. ರಾವ್ ಅವರ ಕೀಲಿಮಣೆಯ ವಿನ್ಯಾಸವನ್ನು ಆಧರಿಸಿದ್ದು, ಉಚ್ಚಾರಣೆಗೆ ಹೊಂದುವ ಇಂಗ್ಲಿಷ್ ಕೀಲಿಯನ್ನೇ ಕನ್ನಡ ಅಕ್ಷರಕ್ಕೆ ಕೊಡುತ್ತದೆ. ಹೊಂದುವ ಕೀಲಿ ಉಳಿಯದಿದ್ದಾಗ ಟಕಾರಕ್ಕೆ ಕ್ಯೂ, ಡಕಾರಕ್ಕೆ ಡಬ್ಲ್ಯೂ, ಷಕಾರಕ್ಕೆ ಎಕ್ಸ್ ಒದಗುತ್ತವೆ. ಒತ್ತಕ್ಷರ ಬೇಕಾದಲ್ಲಿ ನಡುವೆ ಎಫ್ ಕೀಲಿಯನ್ನು ಒತ್ತಬೇಕು. ಈ ನಿಯಮದಿಂದ ಊರುಗಳ ನಡುವೆ ಗಂಭೀರವಾದ ತಾರತಮ್ಯ ಉಂಟಾಗಿದೆ. ‘ಕಲಬುರಗಿ’ ಎಂದು ಬರೆಯಲು ಏಳು ಕೀಲಿ ಸಾಕು, ಎಫ್ ಬೇಡವೇ ಬೇಡ, ‘ಕಮಲಾಪುರ’ಕ್ಕೆ ದೀರ್ಘ ಬರುವೆಡೆ ಶಿಫ್ಟ್ ಒಂದನ್ನು ಹಿಡಿದರಾಯಿತು, ‘ಬ್ರಹ್ಮಪುರ’ಕ್ಕಾದರೋ ಒಂಬತ್ತು ಕೀಲಿ, ಅದರಲ್ಲಿ ಎರಡು ಎಫ್. ಆದ್ದರಿಂದ ತನ್ನ ವಿಳಾಸವನ್ನು ತಾನೇ ಬರೆಯಬಲ್ಲ ಬ್ರಹ್ಮಪುರದ ಶಿಷ್ಯನು ಒತ್ತಕ್ಷರದಲ್ಲಿ ಪಾರಂಗತನೆಂದೇ ತಿಳಿಯಬೇಕು. ಆದರೆ ಹಳೆಯ ನುಡಿಯ ಅಕ್ಷರಗಳು ರೋಮನ್ ಅಕ್ಷರಗಳ ಸ್ಥಾನದಲ್ಲಿಯೇ ಕನ್ನಡದ ತುಣುಕುಗಳನ್ನು ಕೂರಿಸಿಕೊಂಡವಾದ್ದರಿಂದ, ಆ ಫಾಂಟ್ ಇಲ್ಲದ ಯಂತ್ರಕ್ಕೆ ಪತ್ರ ತಲುಪಿದಾಗ ಕನ್ನಡವೆಲ್ಲ ಮಾಯವಾಗಿ, ತಲೆಯ ಮೇಲೆ ಚುಕ್ಕೆ, ಟೋಪಿ, ಬಾಲಗಳನ್ನು ಹೊತ್ತ ಯುರೋಪಿನ ಅಕ್ಷರಗಳು ಸಾಲುಗಟ್ಟಿ ನಿಲ್ಲುತ್ತವೆ. ನಿಜಾಮನ ಆಳ್ವಿಕೆಯಲ್ಲಿ ಉರ್ದುವಿನ ಕಾಗದಪತ್ರಗಳನ್ನು ಬಲ್ಲವರಿಂದ ಓದಿಸಿ ತಿಳಿದುಕೊಂಡ ಸೀಮೆಯಾದ್ದರಿಂದ, ಓದಲು ಬಾರದ ಸರ್ಕಾರಿ ಪತ್ರವನ್ನು ಕಂಡು ಇಲ್ಲಿ ಯಾರೂ ಎದೆಗೆಡುವುದಿಲ್ಲ ಎಂಬುದು ಬೇರೆ ಮಾತು.

ಈಗ ಮಿತಾಕ್ಷರದ ಲೋಪಕ್ಕೆ ಮರಳಬೇಕು. ಹೊಲವೊಂದು ಅಣ್ಣತಮ್ಮಂದಿರಲ್ಲಿ ಹಂಚಿಹೋದಾಗ ಸರ್ವೆ ನಂಬರಿನ ಮುಂದೆ ಅಡ್ಡಗೆರೆ ಹಾಕಿ ಹಿಸ್ಸಾ, ಅಂದರೆ ಪಾಲಿನ ಸಂಖ್ಯೆಯನ್ನು ಬರೆಯುವುದು ರೂಢಿ. ಹನ್ನೆರಡನೆಯ ಸರ್ವೆ ನಂಬರಿನ ಮೂರನೆಯ ಪಾಲು 12/3 ಆಗುತ್ತದೆ. ಶಿಷ್ಯನು ಇದನ್ನು ಎಕ್ಸೆಲ್ ಕೋಶದಲ್ಲಿ ಬರೆದು ಎಂಟರ್ ಒತ್ತಿದೊಡನೆ, ಭಾರತೀಯ ಪದ್ಧತಿಗೆ ಹೊಂದಿಸಿದ ಯಂತ್ರದಲ್ಲಿ ಆ ಹೊಲವು ಮಾರ್ಚ್ 12 ಆಗಿ ಮಾರ್ಪಡುತ್ತದೆ. ಪಕ್ಕದ 45/3 ಮಾತ್ರ ಹೊಲವಾಗಿಯೇ ಉಳಿಯುತ್ತದೆ, ಏಕೆಂದರೆ ಯಾವ ತಿಂಗಳಿಗೂ 45 ದಿನಗಳಿಲ್ಲ. ಹೀಗೆ ಊರಿನ ಮೊದಲ 31 ಸರ್ವೆ ನಂಬರುಗಳ ಬಹುಪಾಲು ಹಿಸ್ಸೆದಾರರು ಪಂಚಾಂಗಕ್ಕೆ ಸೇರಿ, ಉಳಿದವರು ಪಹಣಿಯಲ್ಲಿ ಉಳಿಯುತ್ತಾರೆ. ಆಧಾರ್‌ನ 12 ಅಂಕಿಗಳನ್ನು ಬರೆದರೆ ಅವು ದಶಮಾಂಶ ಬಿಂದುವೊಂದನ್ನು ನುಂಗಿ ‘ಇ ಪ್ಲಸ್ 11’ ಎಂದು ಬಾಲ ಬಿಡುತ್ತವೆ. 16 ಅಂಕಿಗಳ ಬ್ಯಾಂಕ್ ಖಾತೆಯ ಸಂಖ್ಯೆಯನ್ನು ಬರೆದರೆ, ಎಕ್ಸೆಲ್ 15 ಅಂಕಿಗಳನ್ನಷ್ಟೇ ನೆನಪಿಡುವುದರಿಂದ, ಕೊನೆಯದು ಸದ್ದಿಲ್ಲದೆ ಸೊನ್ನೆಯಾಗುತ್ತದೆ. ಕೋಶವನ್ನು ಮೊದಲೇ ‘ಟೆಕ್ಸ್ಟ್’ ಎಂದು ಹೊಂದಿಸುವುದು, ಇಲ್ಲವೇ ಸಂಖ್ಯೆಗೆ ಮೊದಲು ಒಂಟಿ ಉದ್ಧರಣ ಚಿಹ್ನೆ ಹಾಕುವುದು ಇದಕ್ಕೆ ಪರಿಹಾರ. ಕಂದಾಯ ಕಚೇರಿಗೆ ಹೋಗಲಿರುವ ಶಿಷ್ಯನಿಗೆ ಮೊದಲ ದಿನವೇ ಹೇಳಬೇಕಾದ ಈ ಒಂದು ಮಾತನ್ನು ಬಿಟ್ಟು, ಪಠ್ಯಕ್ರಮವು ವರ್ಡ್ ಆರ್ಟಿನಲ್ಲಿ ಬಣ್ಣಬಣ್ಣದ ‘ವೆಲ್‌ಕಮ್’ ಬರೆಯಿಸುವುದರಲ್ಲಿ ಎರಡು ತರಗತಿಗಳನ್ನು ಕಳೆಯುತ್ತದೆ.

ಪೂರ್ವಪಕ್ಷಿಯು ಇಲ್ಲಿ ಎದ್ದು, ತಪ್ಪು ಶಿಷ್ಯನದೇ ಹೊರತು ಯಂತ್ರದ್ದಲ್ಲ, ಯಂತ್ರವು ಹೇಳಿದ್ದನ್ನು ಮಾಡುತ್ತದೆ ಎಂದು ವಾದಿಸಬಹುದು. ಅದು ಸಲ್ಲದು. 1900ನೆಯ ಇಸವಿಯು ಅಧಿಕ ವರ್ಷವಲ್ಲದಿದ್ದರೂ ಎಕ್ಸೆಲ್ ಆ ವರ್ಷದ ಫೆಬ್ರವರಿ 29ನ್ನು ಇತ್ತೆಂದೇ ಎಣಿಸುತ್ತದೆ. ಹಿಂದಿನ ಲೋಟಸ್ 1-2-3 ತಂತ್ರಾಂಶದ ಕಡತಗಳಿಗೆ ಹೊಂದಿಕೆಯಾಗಲೆಂದು ಈ ತಪ್ಪನ್ನು ತಿಳಿದೂ ಉಳಿಸಿಕೊಳ್ಳಲಾಗಿದೆ. ನಡೆಯದ ದಿನವೊಂದನ್ನು ಹಿರಿಯರ ಮೇಲಿನ ಗೌರವದಿಂದ ನಡೆಯಿತೆಂದು ಒಪ್ಪಿಕೊಂಡ ಯಂತ್ರವು ಪರೀಕ್ಷಕನ ಸ್ಥಾನದಲ್ಲಿ ಕುಳಿತು, ಅರ್ಧ ಸೆಕೆಂಡು ತಡಮಾಡಿದ ಕಾಕಾರನ್ನು ಅನುತ್ತೀರ್ಣಗೊಳಿಸುವುದು ನ್ಯಾಯವಲ್ಲ. ಆದಕಾರಣ, ಪರದೆಯ ಮೇಲಿದ್ದುದೆಲ್ಲ ಒಮ್ಮೆಲೇ ಮಾಯವಾದಾಗ ಶಿಷ್ಯನು ಎರಡೂ ಕೈಗಳನ್ನು ಮೇಲೆತ್ತಿ ಉಚ್ಚರಿಸುವ “ನಾ ಏನೂ ಮಾಡಿಲ್ರೀ ಸರ, ಅದೇ ಹೋಯ್ತು” ಎಂಬ ವಾಕ್ಯವನ್ನು ನೆಪವೆಂದು ತಳ್ಳಿಹಾಕದೆ, ಸಾಕ್ಷ್ಯವೆಂದು ದಾಖಲಿಸಿಕೊಳ್ಳತಕ್ಕದ್ದೆಂದು ಸಿದ್ಧಾಂತ. ಇಂಥ ಸಂದರ್ಭದಲ್ಲಿ ಕಂಟ್ರೋಲ್ ಮತ್ತು ಜೆಡ್ ಕೀಲಿಗಳನ್ನು ಒತ್ತಿದರೆ ಕಳೆದುದು ಮರಳುತ್ತದೆ. ಈ ಪ್ರಾಯಶ್ಚಿತ್ತವನ್ನು ಮೊದಲ ಪಾಠವಾಗಿ ಕಲಿಸಿದ್ದರೆ ಉಳಿದ ಪಾಠಗಳ ಭಯ ಅರ್ಧಕ್ಕರ್ಧ ಇಳಿಯುತ್ತಿತ್ತು, ಆದರೆ ನೋಟ್‌ಬುಕ್ಕಿನಲ್ಲಿ ಅದು ಬರುವುದು ‘ಎಡಿಟ್ ಮೆನು’ ಎಂಬ ಅಧ್ಯಾಯದಲ್ಲಿ, ಆ ಅಧ್ಯಾಯ ಬರುವ ಹೊತ್ತಿಗೆ ಅನೇಕರು ಬರುವುದನ್ನೇ ಬಿಟ್ಟಿರುತ್ತಾರೆ.

ಮುದ್ರಣಕಾಂಡವು ಅತ್ಯಂತ ಸಂಕ್ಷಿಪ್ತ. ರಜೆಯ ಅರ್ಜಿಯನ್ನು ಬರೆದು ಮುಗಿಸಿದ ಶಿಷ್ಯನು ಕಂಟ್ರೋಲ್ ಮತ್ತು ಪಿ ಒತ್ತಿ, ಮೇಲೆ ಎಂಟರ್ ಒತ್ತುತ್ತಾನೆ. ಯುಪಿಎಸ್ ಮೇಲಿರುವ ಕಂಪ್ಯೂಟರು ಒಪ್ಪಿಕೊಂಡರೂ, ಕರೆಂಟಿಲ್ಲದ ಪ್ರಿಂಟರು ಸುಮ್ಮನಿರುತ್ತದೆ. ತಾನು ಸರಿಯಾಗಿ ಒತ್ತಲಿಲ್ಲವೆಂದೇ ಇಷ್ಟು ದಿನ ಕಲಿತಿರುವ ಶಿಷ್ಯನು ಮತ್ತೆ ಒತ್ತುತ್ತಾನೆ, ಇನ್ನಷ್ಟು ಜಲ್ದಿ ಒತ್ತುತ್ತಾನೆ, ಟಕ್ ಟಕ್ ಎಂದೂ ಒತ್ತುತ್ತಾನೆ. ಪ್ರತಿಯೊಂದು ಆಜ್ಞೆಯೂ ಸರದಿಯಲ್ಲಿ ಹೋಗಿ ನಿಲ್ಲುತ್ತದೆ. ಕರೆಂಟು ಬಂದೊಡನೆ, ಅವನು ಬಸ್ಸು ಹಿಡಿಯಲು ಹೊರಟುಹೋದ ಮೇಲೆ, ಒಂದೇ ರಜೆಗೆ ಹದಿನಾಲ್ಕು ಅರ್ಜಿಗಳು ಸಾಲಾಗಿ ಹೊರಬರುತ್ತವೆ. ಗುರುವು ಅವುಗಳ ಖಾಲಿ ಬೆನ್ನುಗಳನ್ನು ಸ್ಟೇಪಲ್ ಮಾಡಿ ಮರುದಿನದ ಬ್ಯಾಚಿಗೆ ರಫ್ ಬುಕ್ಕಾಗಿ ಕೊಡುತ್ತಾನೆ.