ಕೂಲೆಂಟ್ ಕ್ಯಾನಿನಲ್ಲಿ ಕುಡಿಯೋ ನೀರು

ಶಾರದಕ್ಕ, ಆ ಕ್ಯಾನಿಗೆ ನೀರು ಹಿಡಿಯೋದನ್ನ ಒಂದು ಗಳಿಗೆ ನಿಲ್ಲಿಸಿ. ನಲ್ಲಿ ಮೂರು ದಿನಕ್ಕೊಮ್ಮೆ ಬರೋದು, ಗೊತ್ತು. ಆದರೂ ನಿಲ್ಲಿಸಿ. ಅದು ಭಾವನವರ ಲಾರಿಯ ಕೂಲೆಂಟ್ ಕ್ಯಾನ್ ತಾನೆ?

ಬಿಸಿನೀರು, ಸೋಪು, ಹುಣಸೆಹಣ್ಣು ಎಲ್ಲ ಹಾಕಿ ತೊಳೆದಿದ್ದೀರಿ, ಒಂಚೂರೂ ವಾಸನೆ ಇಲ್ಲ ಅಂತೀರಿ. ನನಗೆ ಹೆದರಿಕೆ ಅದೇ. ಕೂಲೆಂಟಿನಲ್ಲಿ ಸಾಮಾನ್ಯವಾಗಿ ಇರೋದು ಎಥಿಲೀನ್ ಗ್ಲೈಕಾಲ್. ವಾಸನೆ ಇಲ್ಲ ಅಂದರೂ ನಡೆಯುತ್ತೆ, ರುಚಿ ಸಿಹಿ. ಆ ಹಸಿರು, ಗುಲಾಬಿ ಬಣ್ಣ ಆಮೇಲೆ ಬೆರೆಸಿದ್ದು. ಹೊಟ್ಟೆಗೆ ಹೋದರೆ ಲಿವರಿನಲ್ಲಿ ಅದು ಕೊನೆಗೆ ಆಕ್ಸಾಲಿಕ್ ಆಮ್ಲ ಆಗುತ್ತೆ, ಕ್ಯಾಲ್ಸಿಯಂ ಜೊತೆ ಸೇರಿ ಹರಳುಗಟ್ಟಿ ಕಿಡ್ನಿಯಲ್ಲಿ ಕೂರುತ್ತೆ. 2022ರಲ್ಲಿ ಗ್ಯಾಂಬಿಯಾ ದೇಶದಲ್ಲಿ ಕೆಮ್ಮಿನ ಸಿರಪ್ ಕುಡಿದ ಪುಟ್ಟ ಮಕ್ಕಳು ಕಿಡ್ನಿ ಕೆಟ್ಟು ಸತ್ತರಲ್ಲ, ಆ ಸಿರಪ್‌ನಲ್ಲಿ ಸಿಕ್ಕಿದ್ದು ಇದೇ ಎಥಿಲೀನ್ ಗ್ಲೈಕಾಲ್ ಮತ್ತು ಇದರ ಅಣ್ಣತಮ್ಮ ಡೈಎಥಿಲೀನ್ ಗ್ಲೈಕಾಲ್.

ತೊಳೆದ ಕ್ಯಾನಿನಲ್ಲಿ ಅಷ್ಟೆಲ್ಲ ಉಳಿಯಲ್ಲ, ಒಪ್ಪಿದೆ. ಗ್ಲೈಕಾಲ್ ನೀರಿನಲ್ಲಿ ಕರಗಿ ಹೋಗುತ್ತೆ. ಆದರೆ ಆ ಹಿಡಿಕೆ ನೋಡಿ, ಒಳಗೆ ಟೊಳ್ಳು. ನಿಮ್ಮ ಬ್ರಶ್ ಅಲ್ಲಿಗೆ ಹೋಯಿತಾ? ಮುಚ್ಚಳದೊಳಗಿನ ವಾಷರ್ ಬಿಚ್ಚಿ ತೊಳೆದಿರಾ? ತುಕ್ಕು ಹಿಡಿಯದಿರಲಿ ಅಂತ ಬೆರೆಸಿದ ರಾಸಾಯನಿಕಗಳೂ ಕೂಲೆಂಟಿನಲ್ಲಿರುತ್ತವೆ. ಎಷ್ಟು ಉಳಿದಿದೆ ಅಂತ ಮನೆಯಲ್ಲಿ ಕೂತು ಅಳೆಯೋಕೆ ದಾರಿಯೇ ಇಲ್ಲ. ದಿನಾ ಕುಡಿಯೋ ನೀರಿನ ಮಾತು ಇದು.

ಎಂಜಿನ್ ಆಯಿಲ್ ಡಬ್ಬ ಇನ್ನೂ ಕೆಟ್ಟದ್ದು. ಎಣ್ಣೆಯನ್ನ ಪ್ಲಾಸ್ಟಿಕ್ಕೇ ಒಳಗೆಳೆದುಕೊಂಡಿರುತ್ತೆ. ಉಪ್ಪಿನಕಾಯಿ ಹಾಕಿದ ಪ್ಲಾಸ್ಟಿಕ್ ಡಬ್ಬದ ವಾಸನೆ ಎಷ್ಟು ಉಜ್ಜಿದರೂ ಹೋಗುತ್ತಾ? ಬಿಸಿಲಿಗೆ ಇಟ್ಟರಂತೂ ಹೀರಿದ್ದು ಬೇಗ ಬೇಗ ನೀರಿಗಿಳಿಯುತ್ತೆ.

ಕ್ಯಾನಿನ ತಳದಲ್ಲಿ ತ್ರಿಕೋನದೊಳಗೆ 2 ಅಂತ ಇದೆ, ಒಳ್ಳೇ ಪ್ಲಾಸ್ಟಿಕ್ ಅಂತ ಯಾರಾದರೂ ಹೇಳಿರಬಹುದು. ಆ ಅಂಕಿ ಯಾವ ಜಾತಿಯ ಪ್ಲಾಸ್ಟಿಕ್ ಅಂತ ಮಾತ್ರ ಹೇಳುತ್ತೆ, ಒಳಗೆ ಏನಿತ್ತು ಅಂತ ಹೇಳಲ್ಲ. ಊಟದ ಪದಾರ್ಥಕ್ಕೆ ಅಂತ ಮಾಡಿದ್ದಕ್ಕೆ ಲೋಟ, ಫೋರ್ಕಿನ ಗುರುತು ಹಾಕೋದುಂಟು. ಇನ್ನು ಬಿಎಸ್-6 ಲಾರಿಗಳು ಬಂದ ಮೇಲೆ ಗುಜರಿ ಅಂಗಡಿ ತುಂಬ ಡಿಇಎಫ್, ಅಂದರೆ ಹೊಗೆ ಶುದ್ಧಿಗೆ ಹಾಕೋ ದ್ರವದ ಕ್ಯಾನುಗಳು. ಅದರಲ್ಲಿದ್ದದ್ದು ಯೂರಿಯಾ ನೀರು, ಕೂಲೆಂಟಿನಷ್ಟು ವಿಷವಲ್ಲ. ಆದರೆ ಗುಜರಿಗೆ ಬರೋ ಮೊದಲು ಗ್ಯಾರೇಜಿನವರು ಅದರಲ್ಲಿ ಡೀಸೆಲ್ ಹಾಕಿದ್ದರೋ, ಬ್ಯಾಟರಿ ಆಸಿಡ್ಡೋ, ಯಾರಿಗೆ ಗೊತ್ತು?

ಇದಕ್ಕಿಂತ ದೊಡ್ಡ ಭಯ ಇನ್ನೊಂದಿದೆ. ಕೂಲೆಂಟ್ ಕ್ಯಾನಿಂದ ನೀರು ಕುಡಿದು ರೂಢಿಯಾದ ಮಗು, ನಾಳೆ ಲಾರಿಯಲ್ಲಿರೋ ತುಂಬಿದ ಕ್ಯಾನನ್ನೂ ನೀರೇ ಅಂದುಕೊಳ್ಳುತ್ತೆ. ಸಿಹಿ ಬೇರೆ. ಭಾವನವರಿಗೂ ಹೇಳಿ, ಉಳಿದ ಕೂಲೆಂಟನ್ನ ನೀರಿನ ಬಾಟಲಿಗೆ ಯಾವತ್ತೂ ಸುರಿದಿಡಬಾರದು.

ಆ ಕ್ಯಾನ್ ಮೇಲೆ ದಪ್ಪಕ್ಷರದಲ್ಲಿ ‘ಕುಡಿಯೋಕಲ್ಲ’ ಅಂತ ಬರೆದು ಲಾರಿಗೇ ವಾಪಸ್ ಕೊಡಿ, ರೇಡಿಯೇಟರಿಗೆ ನೀರು ಒಯ್ಯೋಕಾಗುತ್ತೆ. ನಮ್ಮನೆಯಲ್ಲಿ ಎರಡು ಸ್ಟೀಲ್ ಕೊಡ ಖಾಲಿ ಇವೆ, ಈಗಲೇ ಬೇಲಿ ಮೇಲಿಂದ ಕೊಡ್ತೀನಿ. ನಲ್ಲಿ ನಿಲ್ಲೋದರೊಳಗೆ ಅದಕ್ಕೆ ಹಿಡಿದುಕೊಳ್ಳಿ ಅಕ್ಕಾ.