ಇಸವಿ ಮೀಮಾಂಸೆ

ಭಾರತದ ಇತಿಹಾಸವನ್ನು ರಾಜರು ಮಾಡಿದರೆಂಬುದು ಪೂರ್ವಪಕ್ಷ. ರಾಜರಲ್ಲ, ಜನಸಾಮಾನ್ಯರು ಮಾಡಿದರೆಂಬುದು ಅದಕ್ಕೆ ಆಕ್ಷೇಪ. ಇಬ್ಬರೂ ಅಲ್ಲ, ಪ್ರಶ್ನೆಪತ್ರಿಕೆ ತೆಗೆಯುವವರು ಮಾಡಿದರು, ಅದೂ 'ಹೊಂದಿಸಿ ಬರೆಯಿರಿ' ವಿಭಾಗಕ್ಕೆ ಒದಗಲಿ ಎಂದು. ಇದು ಪ್ರಸ್ತುತ ಪ್ರಬಂಧಕಾರನ ಸಿದ್ಧಾಂತ.

ಮೊದಲು ಪಾಣಿಪತ್ತನ್ನು ನೋಡೋಣ. ದೇಶದಲ್ಲಿ ಬಯಲಿಗೇನು ಬರವೇ? ಆದರೂ 1526ರಲ್ಲಿ ಬಾಬರ್ ಇಬ್ರಾಹಿಂ ಲೋದಿಯನ್ನು ಕೆಡವಿದ್ದು ಅಲ್ಲೇ, 1556ರಲ್ಲಿ ಹೇಮುವಿನ ಕಣ್ಣಿಗೆ ಬಾಣ ನೆಟ್ಟದ್ದು ಅಲ್ಲೇ, 1761ರಲ್ಲಿ ಅಬ್ದಾಲಿಯ ಮುಂದೆ ಮರಾಠರು ನುಚ್ಚುನೂರಾದದ್ದೂ ಅಲ್ಲೇ. ವಾಯವ್ಯದಿಂದ ದೆಹಲಿಗೆ ಬರುವ ದಾರಿಯಲ್ಲಿ ಊರು ಸಿಗುತ್ತದೆ, ಅದಕ್ಕೇ ಎನ್ನುತ್ತಾರೆ ವಿದ್ವಾಂಸರು. ಸಿಗುವುದೇನೋ ಕರ್ನಾಲ್ ಕೂಡ. 1739ರಲ್ಲಿ ನಾದಿರ್ ಶಾ ಮೊಗಲರನ್ನು ಅಲ್ಲಿಯೇ ಬಗ್ಗುಬಡಿದ. ಯಾರಿಗೆ ನೆನಪಿದೆ? ಒಂದೇ ಸಲ ನಡೆದ ಯುದ್ಧಕ್ಕೆ 'ಎರಡನೆಯ', 'ಮೂರನೆಯ' ಎಂಬ ಬಿರುದಿಲ್ಲ. ಬಿರುದಿಲ್ಲದ್ದಕ್ಕೆ ಅಂಕವೂ ಇಲ್ಲ.

ಎರಡನೆಯ ಪ್ರಮಾಣ ಅನುಭವಜನ್ಯ. 1556ರ ಬಾಲಕ್ಕೆ 1565 ಎಂಬ ತಾಳಿಕೋಟೆಯನ್ನು ಗಂಟು ಹಾಕಿದ್ದು ಕೇವಲ ದ್ವೇಷದಿಂದ. ಹೈಸ್ಕೂಲಿನಲ್ಲಿ ಈ ಬಡಪಾಯಿ ಎಡಗೈ ಹೆಬ್ಬೆರಳಿನ ಬುಡದಲ್ಲಿ ಎರಡನ್ನೂ ಬರೆದುಕೊಂಡು ಹೋಗಿದ್ದ. ಬೆವರಿಗೆ ಕೊನೆಯ ಎರಡೆರಡು ಅಂಕಿ ಕಲಸಿಹೋಗಿ, ಅಳಿಯ ರಾಮರಾಯ ಪಾಣಿಪತ್ತಿನಲ್ಲಿ ಮಡಿದ. ಮೇಷ್ಟ್ರು ಅದರ ಪಕ್ಕದಲ್ಲಿ ಕೆಂಪು ಶಾಯಿಯಲ್ಲಿ, 'ಯಾವ ರೈಲಿಗೆ ಹೋದ?' ಎಂದು ಬರೆದಿದ್ದರು. ಅಸಲಿಗೆ ತಾಳಿಕೋಟೆಯ ಯುದ್ಧವಾದರೂ ತಾಳಿಕೋಟೆಯಲ್ಲಿ ನಡೆಯಿತೇ? ಕೃಷ್ಣೆಯ ದಡದ ರಕ್ಕಸಗಿ, ತಂಗಡಗಿ ಎಂಬ ಹಳ್ಳಿಗಳ ಹೆಸರನ್ನು ಹೇಳುತ್ತಾರೆ. ಊರು ತಪ್ಪಿದ ಯುದ್ಧಕ್ಕೆ ಇಸವಿ ಮಾತ್ರ ಸರಿಯಿರಬೇಕೆಂಬುದು ಯಾವ ನ್ಯಾಯ?

ಪ್ಲಾಸಿಯದು ಇನ್ನೂ ಅಚ್ಚುಕಟ್ಟು. 1757ರ ಜೂನ್ 23ರಂದು ಮಳೆ ಬಂತು. ಸಿರಾಜುದ್ದೌಲನ ಮದ್ದು ನೆನೆಯಿತು, ಕಂಪನಿಯವರು ತಮ್ಮದಕ್ಕೆ ಟಾರ್ಪಾಲು ಹೊದಿಸಿದ್ದರು. ಮೀರ್ ಜಾಫರನ ದ್ರೋಹದ ಬಗ್ಗೆ ಗ್ರಂಥಗಳಿವೆ. ಟಾರ್ಪಾಲಿನ ಬಗ್ಗೆ ಒಂದೂ ಇಲ್ಲದಿರುವುದು ಸಂಶೋಧನಾ ಕ್ಷೇತ್ರದ ಕೊರತೆ. ಸರಿಯಾಗಿ ನೂರು ವರ್ಷಕ್ಕೆ ಕಂಪನಿಯ ಆಯಸ್ಸು ಮುಗಿಯುತ್ತದೆಂಬ ಸುದ್ದಿ 1857ರಲ್ಲಿ ಹಬ್ಬಿತ್ತು. ಸಿಪಾಯಿಗಳಿಗೂ ದುಂಡು ಸಂಖ್ಯೆಯ ಮೇಲೆ ಮೋಹ.

'ಇಸವಿಯನ್ನು ಮೊದಲೇ ಗೊತ್ತುಮಾಡಿ ಯಾರಾದರೂ ಇತಿಹಾಸ ಮಾಡುತ್ತಾರೆಯೇ?' ಎಂದು ಶಂಕಿಸುವವರಿಗೆ ಉತ್ತರ: ಮಾಡಿದ್ದಾರೆ. ಸಂವಿಧಾನ ಅಂಗೀಕಾರವಾದದ್ದು 1949ರ ನವೆಂಬರ್ 26ಕ್ಕೆ. ಅದನ್ನು ಪೂರ್ತಿಯಾಗಿ ಜಾರಿಗೆ ತರಲು ಎರಡು ತಿಂಗಳು ಕಾದರು, 1930ರ ಜನವರಿ 26ರ ಪೂರ್ಣ ಸ್ವರಾಜ್ಯ ದಿನ ವ್ಯರ್ಥವಾಗಬಾರದೆಂದು. ಆಗಸ್ಟ್ 15 ಅಂತೂ ಮೌಂಟ್‌ಬ್ಯಾಟನ್ ಹಿಡಿದ ಹಟ. ಜಪಾನ್ ಶರಣಾದ ದಿನವೆಂದು ಆತನಿಗೆ ಅದರ ಮೇಲೆ ಪ್ರೀತಿ. ಜೋಯಿಸರು ದಿನ ಚೆನ್ನಾಗಿಲ್ಲವೆಂದರು. ಸಂವಿಧಾನ ಸಭೆ 14ರ ರಾತ್ರಿಯೇ ಸೇರಿತು, ನಡುರಾತ್ರಿಯ ಗಂಟೆಗೆ ಕಾದು ಕೂತಿತು. ಇಬ್ಬರ ಮಾತೂ ಉಳಿಯಿತು.

ಕನ್ನಡಿಗರ ದಾರಿಯೇ ಬೇರೆ. ರಾಜ್ಯ ಒಂದಾದದ್ದು 1956ರ ನವೆಂಬರ್ 1, ಅದಕ್ಕೆ ಕರ್ನಾಟಕವೆಂದು ಹೆಸರಾದದ್ದು 1973ರ ನವೆಂಬರ್ 1. ಮಕ್ಕಳ ಮೇಲೆ ಇಷ್ಟು ಕರುಣೆ ತೋರಿದ ಇನ್ನೊಂದು ಸರಕಾರವನ್ನು ಪ್ರಬಂಧಕಾರ ಕಾಣೆ. ಮುಂದೆ ಇತಿಹಾಸ ನಿರ್ಮಿಸಲು ಹೊರಟಿರುವ ಮಹನೀಯರಲ್ಲಿ ಅರಿಕೆ: ದಯವಿಟ್ಟು ಹೊಸ ತಾರೀಖು ಹುಡುಕಬೇಡಿ. ನವೆಂಬರ್ 1ರಲ್ಲಿ ಇನ್ನೂ ಜಾಗವಿದೆ.