ಸೋಮವಾರ ಮಾತ್ರ ಬರಬೇಡಿ ಮಾರಾಯ್ರೆ

"ಮುಂಬೈಯಲ್ಲಿ ನೋಡ್ಲಿಕ್ಕೆ ಎಂತೆಲ್ಲ ಉಂಟು? ಉಳ್ಕೊಳ್ಳುದು ಎಲ್ಲಿ? ಊಟ ಎಲ್ಲಿ ಒಳ್ಳೇದು? ಒಂದು ಲಿಸ್ಟ್ ಕಳಿಸಿ ಮಾರಾಯ್ರೆ" ಅಂತ ಫೋನ್ ಮಾಡ್ತೀರಿ. ಮೂವತ್ತು ವರ್ಷದಿಂದ ಇಲ್ಲೇ ಇದ್ದೇನೆ, ಇಂಥ ಲಿಸ್ಟ್ ಎಷ್ಟು ಕಳಿಸಿದ್ದೇನೋ ಲೆಕ್ಕ ಇಲ್ಲ. ಅದರ ಪ್ರಕಾರ ತಿರುಗಿದವರು ಒಬ್ಬರಾದರೂ ಉಂಟಾ? (ನಗಬೇಡಿ. ಹೋದ ಡಿಸೆಂಬರಿನಲ್ಲಿ ಲಿಸ್ಟ್ ಕೇಳಿದ್ದು ನೀವೇ.)

ನಿಮ್ಮ ಟೈಮ್‌ಟೇಬಲ್ ನಾನೇ ಹೇಳ್ತೇನೆ, ತಪ್ಪಿದ್ದರೆ ತಿದ್ದಿ. ಭಾನುವಾರ ಡೊಂಬಿವಿಲಿಯಲ್ಲೋ ಮೀರಾ ರೋಡಿನಲ್ಲೋ ಒಂದು ಮದುವೆ. ಮಂಗಳವಾರ ಮಧ್ಯಾಹ್ನ ಮತ್ಸ್ಯಗಂಧದಲ್ಲಿ ರಿಟರ್ನ್ ಟಿಕೆಟ್. ನಡುವೆ ಖಾಲಿ ಬಿದ್ದ ಸೋಮವಾರ ಒಂದೇ ದಿನದಲ್ಲಿ ಇಡೀ ಮುಂಬೈ ನೋಡಿ ಮುಗಿಸಬೇಕು. ಹೌದೋ ಅಲ್ವೋ?

ಈಗ ಕೇಳಿ. ಎಲಿಫೆಂಟಾ ಸೋಮವಾರ ಬಂದ್. ಬೋರಿವಲಿಯ ನ್ಯಾಷನಲ್ ಪಾರ್ಕ್ ಸೋಮವಾರ ಬಂದ್, ಅದರ ಹೊಟ್ಟೆಯೊಳಗಿರುವ ಕಾನ್ಹೇರಿ ಗುಹೆಗಳೂ ಬಂದ್. ಮಾಟುಂಗಾದ ಕೆಫೆ ಮದ್ರಾಸಿಗೆ ಸೋಮವಾರ ರಜೆ, ರಾಮ ನಾಯಕರ ಬೋರ್ಡಿಂಗಿಗೂ ರಜೆ. ಅಮಿತಾಭ್ ಬಚ್ಚನ್ ಜುಹೂ ಮನೆಯ ಗೇಟಿಗೆ ಬಂದು ಕೈ ಬೀಸುವುದು ಭಾನುವಾರ. ಆ ಹೊತ್ತಿಗೆ ನೀವು ಡೊಂಬಿವಿಲಿಯಲ್ಲಿ ಎರಡನೇ ಸಲ ಪಾಯಸ ಬಡಿಸಿಕೊಳ್ತಾ ಇರ್ತೀರಿ.

ಇದನ್ನೆಲ್ಲ ಹೋದ ಸಲವೂ ಹೇಳಿದ್ದೆ. "ಇರ್ಲಿ, ಹೇಗಾದ್ರೂ ನೋಡುವಾ" ಅಂದಿರಿ. ಆಮೇಲೆ ಸೋಮವಾರ ಬೆಳಿಗ್ಗೆ ಗೇಟ್‌ವೇ ಹತ್ತಿರ ನಿಂತು ಫೋನ್ ಮಾಡಿದಿರಿ: "ಇದೆಂತದ್ದು, ಎಲಿಫೆಂಟಾ ಇವತ್ತು ಇಲ್ವಂತೆ?"

ಉಳಿಯುವ ವಿಷಯಕ್ಕೆ ಬರುವ. "ನಮಗೆ ಲಾಡ್ಜ್ ಎಲ್ಲ ಯಾಕೆ, ನೀವಿದ್ದೀರಲ್ಲ, ಒಂದು ಮೂಲೆ ಸಾಕು" ಅಂತೀರಿ. ಅಯ್ಯೋ ದೇವರೇ, ಮುಂಬೈಯಲ್ಲಿ ಸಿಗದೇ ಇರುವ ವಸ್ತು ಅದೊಂದೇ! ನಮ್ಮ ಹಾಲಿಗೆ ಇರುವುದು ನಾಲ್ಕು ಮೂಲೆ. ಒಂದರಲ್ಲಿ ಫ್ರಿಜ್, ಒಂದರಲ್ಲಿ ವಾಷಿಂಗ್ ಮೆಷಿನ್, ಒಂದರಲ್ಲಿ ದೇವರು, ನಾಲ್ಕನೆಯದರಲ್ಲಿ ಮಗನ ಹತ್ತನೇ ಕ್ಲಾಸು. ನಿಮಗೆ ಯಾವುದು ಬೇಕು?

ಮತ್ತೆ ನೀರು. ಬೆಳಿಗ್ಗೆ ಐದೂವರೆಗೆ ಬಂದು ಏಳಕ್ಕೆ ನಿಂತುಹೋಗ್ತದೆ. ನೀವು ಏಳುವುದು ಎಂಟಕ್ಕೆ, "ರಜೆಯಲ್ಲಿ ಬಂದದ್ದಲ್ವಾ" ಅಂತ ಮೈಮುರಿಯುವುದು ಎಂಟೂವರೆಗೆ, ಒಂಬತ್ತಕ್ಕೆ ಟವೆಲ್ ಹೆಗಲಿಗೆ ಹಾಕಿಕೊಂಡು "ಬಿಸಿನೀರು ಉಂಟಾ?" (ಉಂಟು. ನನ್ನ ಹೆಂಡತಿ ಹಿಂದಿನ ರಾತ್ರಿಯೇ ನಿಮ್ಮ ಹೆಸರಲ್ಲಿ ಎರಡು ಡ್ರಮ್ ತುಂಬಿಸಿ ಇಟ್ಟಿರ್ತಾಳೆ. ಅದು ನಿಮಗೆ ಗೊತ್ತಾಗುವುದಿಲ್ಲ.)

ಇಲ್ಲ, ನಾವು ಲಾಡ್ಜೇ ಮಾಡ್ತೇವೆ ಅಂತೀರಾ? ಸಂತೋಷ. ಆದರೆ ನೀವು ನೋಡುವುದು ರೂಮಿನ ಫೋಟೋ, ನೋಡಬೇಕಾದದ್ದು ರೈಲಿನ ಮ್ಯಾಪು. ವೆಸ್ಟರ್ನ್ ಲೈನೂ ಸೆಂಟ್ರಲ್ ಲೈನೂ ಒಂದಕ್ಕೊಂದು ಕೈ ಕೊಡುವುದು ದಾದರಿನಲ್ಲಿ. ದಾದರ್, ಮಾಟುಂಗಾ, ಸಾಯನ್ ಈ ಕಡೆ ಒಂದು ರೂಮ್ ಹಿಡಿದರೆ ಫೋರ್ಟಿಗೂ ಹೋಗಬಹುದು, ಬಾಂದ್ರಾಕ್ಕೂ ಹೋಗಬಹುದು, ಡೊಂಬಿವಿಲಿಯ ಮದುವೆಗೂ ಮುಖ ತೋರಿಸಬಹುದು. ನೀವೋ, ನಾನೂರು ರೂಪಾಯಿ ಉಳಿಯಿತು ಅಂತ ನಾಲಾಸೋಪಾರಾದಲ್ಲಿ ರೂಮ್ ಮಾಡಿ ಗೇಟ್‌ವೇ ನೋಡ್ಲಿಕ್ಕೆ ಹೊರಡ್ತೀರಿ. ಲೋಕಲ್ಲಿನಲ್ಲಿ ನಿಂತು ಹೋಗುವ ಆ ಎರಡು ಗಂಟೆಗೆ ಲೆಕ್ಕ ಹಾಕಿದವರು ಯಾರು?

ಲೋಕಲ್ ಅಂದಾಗ ನೆನಪಾಯ್ತು. ಅಂಧೇರಿಗೆ ಹೋಗುವವರು ಸಂಜೆ ವಿರಾರ್ ಫಾಸ್ಟ್ ಹತ್ತಬೇಡಿ ಅಂತ ಬಾಯಿ ಬಿಟ್ಟು ಹೇಳಿದ್ದೆ. "ಅದೂ ಅಂಧೇರಿಯಲ್ಲಿ ನಿಲ್ತದಲ್ವಾ?" ಅಂತ ಕೇಳಿದಿರಿ. ನಿಲ್ತದೆ, ಆದರೆ ಬಾಗಿಲಲ್ಲಿ ನಿಂತ ವಿರಾರಿನವರು ನಿಮ್ಮನ್ನು ಇಳಿಯಲು ಬಿಡಬೇಕಲ್ಲ! ಕೊನೆಗೆ ಬೋರಿವಲಿಯಲ್ಲಿ ಇಳಿದು, ಇನ್ನೊಂದು ಗಾಡಿಯಲ್ಲಿ ವಾಪಸು ಬಂದಿರಿ. ಒಂದು ಚಪ್ಪಲಿ ಮಾತ್ರ ವಿರಾರಿಗೇ ಹೋಯಿತು.

ಇನ್ನು ಮಾಟುಂಗಾ. ಮುಂಬೈಯಲ್ಲಿ ಏನು ಬಿಟ್ಟರೂ ನೀವು ಬಿಡದ ಜಾಗ. ಹುಷಾರು, ಮಾಟುಂಗಾಕ್ಕೆ ಸ್ಟೇಷನ್ ಮೂರು. ಸೆಂಟ್ರಲ್ ಲೈನಿನಲ್ಲಿ ಮಾಟುಂಗಾ, ವೆಸ್ಟರ್ನಿನಲ್ಲಿ ಮಾಟುಂಗಾ ರೋಡ್, ಹಾರ್ಬರಿನಲ್ಲಿ ಕಿಂಗ್ಸ್ ಸರ್ಕಲ್. ಇಡ್ಲಿ ಬೇಕಾದವರು ಮೊದಲನೆಯದರಲ್ಲಿ ಇಳಿಯಿರಿ. (2017ರಿಂದ ಆ ಸ್ಟೇಷನ್ ನಡೆಸುವವರೆಲ್ಲ ಹೆಂಗಸರೇ. ಟಿಕೆಟ್ ಇಲ್ಲದೆ ಇಳಿದು "ನಾನು ಊರಿನವ, ಗೊತ್ತಾಗ್ಲಿಲ್ಲ" ಅನ್ನುವ ನಿಮ್ಮ ಆಟ ಅಲ್ಲಿ ನಡೆಯುವುದಿಲ್ಲ.)

ಊರಿಂದ ಹೊರಡುವಾಗ ನಿಮ್ಮ ಮಾತು ಹೇಗಿತ್ತು? "ಈ ಸಲ ಇಡ್ಲಿ ದೋಸೆ ಮುಟ್ಟುವುದಿಲ್ಲ, ಮುಂಬೈಯದ್ದೇ ತಿನ್ನಬೇಕು, ವಡಾಪಾವ್, ಮಿಸಳ್, ಇರಾನಿ ಚಾ!" ಬೆಳಿಗ್ಗೆ ಒಂದು ವಡಾಪಾವ್ ತಿಂದಿರಿ, ಸರಿ. ಹನ್ನೊಂದಕ್ಕೆ "ಎಂತದೋ ಹೊಟ್ಟೆ ತುಂಬಿದ ಹಾಗೆ ಇಲ್ಲ" ಅಂದಿರಿ. ಹನ್ನೆರಡಕ್ಕೆ "ಇಲ್ಲಿ ಹತ್ತಿರ ಅನ್ನ ಸಾರು ಸಿಗುವ ಜಾಗ..." ಅಂತ ರಾಗ ತೆಗೆದಿರಿ. ನಾನು ನಕ್ಕದ್ದು ನಿಮಗೆ ಕಾಣಲಿಲ್ಲ.

ಸಿಗ್ತದೆ ಮಾರಾಯ್ರೆ, ಸಿಗದೆ ಇರ್ತದಾ? ಸ್ಟೇಷನ್ ಎದುರು ಮಾರ್ಕೆಟಿನ ಮಾಳಿಗೆಯಲ್ಲಿ ರಾಮ ನಾಯಕರ ಉಡುಪಿ ಶ್ರೀಕೃಷ್ಣ ಬೋರ್ಡಿಂಗ್, 1942ರದ್ದು. ಅದಕ್ಕೂ ಮೊದಲು 1936ರಲ್ಲಿ ಅವರೇ ಶುರು ಮಾಡಿದ್ದು ಕಿಂಗ್ಸ್ ಸರ್ಕಲ್ಲಿನ ಕೆಫೆ ಮೈಸೂರ್. ಬೋರ್ಡಿಂಗಿನಲ್ಲಿ ಕೂಪನ್ ತಗೊಂಡು, ನಿಮ್ಮ ಸರದಿ ಬಂದಾಗ ಬಾಳೆ ಎಲೆ ಮುಂದೆ ಕೂರಬೇಕು. ಆಮೇಲೆ ಬಡಿಸುವವರು ಬರ್ತಾರೆ, ಬರ್ತಾರೆ, ಬರ್ತಲೇ ಇರ್ತಾರೆ. ನೀವು ಸೊಂಟದ ಬೆಲ್ಟ್ ಒಂದು ತೂತು ಸಡಿಲಿಸಿ, ಸಾರು ಸುರಿದುಕೊಂಡು, ಕಣ್ಣು ಮುಚ್ಚಿ ಹೇಳಿದ್ದು ನೆನಪುಂಟಾ? "ಊರಿನ ಹಾಗೇ ಉಂಟು!" ಸಾವಿರ ಕಿಲೋಮೀಟರ್ ಬಂದದ್ದು ಇದನ್ನು ಹೇಳ್ಲಿಕ್ಕಾ?

ತಿಂಡಿಗಾದರೆ ರಾಮ್ ಆಶ್ರಯ, 1939ರದ್ದು. ಪೈನಾಪಲ್ ಶೀರಾ ತಗೊಳ್ಳಿ. (ಕೇಸರಿಬಾತ್ ಅಂತ ಕೇಳಬೇಡಿ, ಇಲ್ಲಿ ಶೀರಾ.) ಸ್ವಲ್ಪ ಆಚೆ 1940ರ ಕೆಫೆ ಮದ್ರಾಸ್, ಹೆಸರು ಮದ್ರಾಸಿನದ್ದು, ನಡೆಸುವವರು ನಮ್ಮ ಕಾಮತರು. ರಸಂ ವಡೆ, ರಾಗಿ ದೋಸೆ ಚೆನ್ನಾಗಿರ್ತದೆ. ಆದರೆ ಹೆಸರು ಬರೆಸಿ ಫುಟ್‌ಪಾತಿನಲ್ಲಿ ಕಾಯಬೇಕು, ಗುರುತಿಲ್ಲದವರ ಜೊತೆ ಒಂದೇ ಮೇಜಿಗೆ ಕೂರಬೇಕು, ಹೊರಗಿನವರ ಕಣ್ಣು ನಿಮ್ಮ ತಟ್ಟೆಯ ಮೇಲೆಯೇ ಇರ್ತದೆ. ಕಾಫಿ ಆರಿಸುತ್ತಾ ಊರಿನ ಜಾಗದ ಕೋರ್ಟ್ ಕೇಸಿನ ಕತೆ ಹೇಳುವ ನಿಮ್ಮ ಅಭ್ಯಾಸವನ್ನು ಅಲ್ಲಿ ಇಟ್ಟುಕೊಳ್ಳಬೇಡಿ.

ಮೈಸೂರಿನವರಿಗೆ ಬೇರೆಯೇ ಒಂದು ಎಚ್ಚರಿಕೆ. ಇಲ್ಲಿ 'ಮೈಸೂರ್ ಮಸಾಲಾ' ಅಂದರೆ ಒಳಗೆ ಕೆಂಪು ಚಟ್ನಿ ಬಳಿದದ್ದು. ಕೆಲವು ಕಡೆ ಅದರ ಮೇಲೆ ಬೀಟ್‌ರೂಟು, ಕ್ಯಾಪ್ಸಿಕಂ, ಅಂಗೈಯಗಲ ಬೆಣ್ಣೆ. "ಇದು ನಮ್ಮ ಮೈಸೂರಿನದ್ದೇ ಅಲ್ಲ" ಅಂತ ವೇಟರಿನ ಜೊತೆ ಜಗಳಕ್ಕೆ ಹೋಗಬೇಡಿ. ಆತ ಕಾರ್ಕಳದ ಕಡೆಯವನೇ ಇರಬಹುದು, ಎಲ್ಲ ಕೇಳಿಸಿಕೊಂಡು ಹಿಂದಿಯಲ್ಲೇ "ಔರ್ ಕುಛ್?" ಅಂತಾನೆ.

ಮೀನು ತಿನ್ನುವವರು ಫೋರ್ಟಿಗೆ ಹೋಗಿ. ಮಹೇಶ್ ಲಂಚ್ ಹೋಮ್, ಅಪೂರ್ವ, ಕಾಲಾ ಘೋಡಾದ ತೃಷ್ಣಾ. ಮೆನುವಿನಲ್ಲಿ ಸುರ್ಮೈ ಅಂದರೆ ಅಂಜಲ್, ಬಾಂಗ್ಡಾ ಅಂದರೆ ಬಂಗುಡೆ. ನೀರುದೋಸೆ, ಗಸಿ ಎಲ್ಲ ಉಂಟು. ಬಿಲ್ ಬಂದಾಗ ಮಾತ್ರ "ಮಲ್ಪೆಯಲ್ಲಿ ಇದೇ ದುಡ್ಡಿಗೆ ಒಂದು ಬುಟ್ಟಿ ಬರ್ತಿತ್ತು" ಅನ್ನುವ ಡೈಲಾಗ್ ಬೇಡ. ಪ್ರತಿ ವರ್ಷ ಕೇಳ್ತಾ ಇದ್ದೇನೆ.

ಸೋಮವಾರವೇ ಗತಿ ಅಂತಾದರೆ? ಇರಾನಿ ಚಾ ಅಂದಿರಲ್ಲ, ಬೆಳಿಗ್ಗೆ ಧೋಬಿ ತಲಾವಿನ ಕಯಾನಿಯಲ್ಲಿ ಬನ್ ಮಸ್ಕಾ ಅದ್ದಿಕೊಂಡು ಕುಡಿಯಿರಿ, 1904ರ ಅಂಗಡಿ ಅದು. ಆಮೇಲೆ ಸಿಎಸ್‌ಎಂಟಿ ಸ್ಟೇಷನ್ನಿನ ಕಟ್ಟಡವನ್ನು ಕತ್ತೆತ್ತಿ ನೋಡಿ. (ಪ್ರತಿ ಸಲ ಅಲ್ಲೇ ಓಡಾಡಿದ್ದೀರಿ, ನೋಡಿದ್ದು ಇಂಡಿಕೇಟರನ್ನು ಮಾತ್ರ.) ಮಧ್ಯಾಹ್ನ ಗೇಟ್‌ವೇ ಹತ್ತಿರದ ಶಿವಾಜಿ ಮಹಾರಾಜ್ ಮ್ಯೂಸಿಯಂ, ಅದು ಸೋಮವಾರವೂ ತೆರೆದಿರ್ತದೆ. ಸಂಜೆ ಮರೀನ್ ಡ್ರೈವಿನ ಕಟ್ಟೆ. ಖರ್ಚಿಲ್ಲ, ರಜೆ ಇಲ್ಲ, ಎದ್ದೇಳಿ ಅನ್ನುವವರಿಲ್ಲ.

ನೀವು ಹಾಗೆ ಮಾಡ್ತೀರಾ? ಎಲ್ಲಿಂದ! ಟ್ಯಾಕ್ಸಿ ಹಿಡಿದು ಬಾಂದ್ರಾಕ್ಕೆ ಹೋಗಿ ಶಾರುಖ್ ಖಾನನ ಗೇಟಿನ ಮುಂದೆ ಸೆಲ್ಫಿ ತೆಗೀತೀರಿ. ಗೇಟು, ಅಷ್ಟೇ. ಅದೇ ಬಾಂದ್ರಾದ ಕಡಲ ಬದಿಯಲ್ಲಿ ಕೂತು ನಮ್ಮ ಯಶವಂತ ಚಿತ್ತಾಲರು ದಶಕಗಟ್ಟಲೆ ಬರೆದರು, 'ಶಿಕಾರಿ'ಯ ಮುಂಬೈಯನ್ನು ಕನ್ನಡಕ್ಕೆ ಕೊಟ್ಟರು. ಆ ಕಡೆ ತಿರುಗಿ ಒಂದು ಸಲ "ಓಹೋ" ಅಂದರೂ ಸಾಕಿತ್ತು. (ನೀವು 'ಶಿಕಾರಿ' ಓದಿದ್ದೀರಿ ತಾನೇ? ಸರಿ, ಬಿಡಿ.)

ಎಲಿಫೆಂಟಾವನ್ನಂತೂ ತಪ್ಪಿಸಬೇಡಿ. ಗೇಟ್‌ವೇಯಿಂದ ದೋಣಿಯಲ್ಲಿ ಒಂದು ಗಂಟೆ, ಆಮೇಲೆ ನೂರಕ್ಕೂ ಮೇಲೆ ಮೆಟ್ಟಿಲು, ಕೈಯಲ್ಲಿದ್ದದ್ದನ್ನು ಕಿತ್ತುಕೊಳ್ಳುವ ಮಂಗಗಳು. ಗುಹೆಯೊಳಗೆ ಮೂರು ಮುಖದ ಸದಾಶಿವನ ಎದುರು ಒಂದು ನಿಮಿಷ ಮಾತಾಡದೆ ನಿಲ್ಲಿ (ಪ್ರಯತ್ನ ಮಾಡಿ). ಎಲಿಫೆಂಟಾ ಅನ್ನುವ ಹೆಸರು ಬರಲು ಕಾರಣವಾದ ಕಲ್ಲಿನ ಆನೆ ಮಾತ್ರ ಅಲ್ಲಿಲ್ಲ, ಬೈಕುಲಾದ ರಾಣಿಬಾಗಿನಲ್ಲಿ ನಿಂತಿದೆ. ಬ್ರಿಟಿಷರು 1864ರಲ್ಲಿ ಇಂಗ್ಲೆಂಡಿಗೆ ಸಾಗಿಸಲು ಎತ್ತಿದಾಗ ಬಿದ್ದು ಒಡೆಯಿತಂತೆ, ಮತ್ತೆ ಜೋಡಿಸಿದ್ದು. ಅದನ್ನು ಬುಧವಾರ ನೋಡ್ಲಿಕ್ಕೆ ಹೊರಡಬೇಡಿ, ರಾಣಿಬಾಗಿಗೆ ಬುಧವಾರ ರಜೆ.

ಇನ್ನೊಂದು ಗುಟ್ಟು. ಇಮ್ಮಡಿ ಪುಲಿಕೇಶಿ ಹಡಗುಗಳಲ್ಲಿ ಹೋಗಿ 'ಪುರಿ'ಯನ್ನು ಗೆದ್ದ ಅಂತ ಕ್ರಿ.ಶ. 634ರ ಐಹೊಳೆ ಶಾಸನ ಹೇಳ್ತದೆ. ಆ ಪುರಿ ಈ ಘಾರಾಪುರಿಯೇ, ಅಂದರೆ ಎಲಿಫೆಂಟಾವೇ, ಅಂತ ಕೆಲವು ಇತಿಹಾಸಕಾರರ ಊಹೆ. ಅದು ನಿಜವಾದರೆ ನಮ್ಮವರು ಈ ಕಡೆ ಬಂದದ್ದು ಹೋಟೆಲ್ ಇಡ್ಲಿಕ್ಕೆ ಮಾತ್ರ ಅಲ್ಲ! ಪುಲಿಕೇಶಿ ಯಾವ ವಾರ ಬಂದಿದ್ದನೋ ಶಾಸನದಲ್ಲಿ ಇಲ್ಲ. ಸೋಮವಾರ ಅಲ್ಲ ಅಂತ ನಾನು ಬರೆದುಕೊಡ್ತೇನೆ.

ಒಂದು ಸತ್ಯ ಹೇಳಿಬಿಡ್ತೇನೆ, ಯಾರಿಗೂ ಹೇಳಬೇಡಿ. ಎಲಿಫೆಂಟಾಕ್ಕೆ ನಾನು ಹನ್ನೊಂದು ಸಲ ಹೋಗಿದ್ದೇನೆ, ಹನ್ನೊಂದು ಸಲವೂ ಊರಿನವರ ಜೊತೆ. ನನ್ನಷ್ಟಕ್ಕೆ ಒಂದು ಸಲವೂ ಇಲ್ಲ. ನೀವು ಬರದಿದ್ದರೆ ನನಗೆ ಈ ಮುಂಬೈ ಅಂದರೆ ಏಳೂ ನಲವತ್ತೆರಡರ ಲೋಕಲ್ ಮತ್ತು ರಾತ್ರಿ ಒಂಬತ್ತರ ಊಟ.

ಹಾಗಾಗಿ ಲಿಸ್ಟ್ ಇನ್ನೊಮ್ಮೆ ಕಳಿಸ್ತೇನೆ, ನೀವು ಓದುವುದಿಲ್ಲ, ಪರವಾಗಿಲ್ಲ. ಈ ಸಲ ಗುರುವಾರ ಬನ್ನಿ, ಭಾನುವಾರ ಮದುವೆ ಮುಗಿಸಿ ಹೊರಡಿ. ಲಾಡ್ಜ್ ಬೇಡ, ವಾಷಿಂಗ್ ಮೆಷಿನನ್ನು ಗ್ಯಾಲರಿಗೆ ಸರಿಸಿ ಇಡ್ತೇನೆ. ಬರುವಾಗ ಎರಡು ಕಿಲೋ ಕುಚ್ಚಲಕ್ಕಿ ಹಿಡ್ಕೊಂಡು ಬನ್ನಿ.